ಬೆಂಗಳೂರಿನ ರೋಲರ್, ಸಿರುಗುಪ್ಪ ರಸ್ತೆ: ಒಂದೇ ಕಾರು, ಎರಡು ಅಂಕಿ

ನಮ್ಮ ಹಾಸ್ಟೆಲ್‌ನ ಸೀನಿಯರ್ ಒಬ್ಬರ ರೂಮಿನಲ್ಲಿ ದೇವರ ಕ್ಯಾಲೆಂಡರ್ ಪಕ್ಕದಲ್ಲೇ ಒಂದು ಎ4 ಹಾಳೆ ಅಂಟಿಸಿತ್ತು. ಅದರಲ್ಲಿ ಎರಡು ಗೆರೆ, ಒಂದು ಕೆಂಪು, ಒಂದು ನೀಲಿ. ಕೆಳಗೆ ದಪ್ಪ ಅಕ್ಷರದಲ್ಲಿ 142 ಪಿಎಸ್ ಅಂತ ಬರೆದಿತ್ತು. ಅವರದು 1 ಲೀಟರ್ ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಕಂಪನಿ ಕೊಟ್ಟಿದ್ದು 110. ಡಿಸೆಂಬರ್ ರಜೆಯಲ್ಲಿ ಬೆಂಗಳೂರಿಗೆ ಹೋಗಿ ರೋಲಿಂಗ್ ರೋಡ್ ಮೇಲೆ ಇಸಿಯು ಟ್ಯೂನ್ ಮಾಡಿಸಿಕೊಂಡು ಬಂದಿದ್ದರು. ಬಳ್ಳಾರಿಯಿಂದ ಹೋಗಿ ಬರೋದಕ್ಕೆ ಹೆಚ್ಚುಕಡಿಮೆ 600 ಕಿ.ಮೀ. ಆಯ್ತು, ಖರ್ಚು ಎಷ್ಟಾಯ್ತು ಅಂತ ಮನೆಯಲ್ಲಿ ಇನ್ನೂ ಹೇಳಿರಲಿಲ್ಲ.

ಏಪ್ರಿಲ್ ಬಂತು. ನಮ್ಮೂರ ಬಿಸಿಲು ನಿಮಗೆ ಗೊತ್ತೇ ಇದೆ. ಕಾರು ಸೋಮಾರಿಯಾಗಿದೆ, ಎಳೀತಾ ಇಲ್ಲ ಅಂತ ಅಣ್ಣನ ದೂರು ಶುರುವಾಯ್ತು. "ಅಲ್ಲಿ ಏನೋ ಮೋಸ ಮಾಡ್ಯಾರ ತಮ್ಮಾ, ನಾವೇ ರೋಡಿನ್ಯಾಗ ಅಳೀಬೇಕು" ಅಂದರು. ನನ್ನ ಹತ್ತಿರ ಲ್ಯಾಪ್‌ಟಾಪ್ ಇತ್ತು, ಒಬಿಡಿ ಕೇಬಲ್ ಇತ್ತು, ಆರನೇ ಸೆಮಿಸ್ಟರಿನ ಧೈರ್ಯವೂ ಇತ್ತು. ಮಧ್ಯಾಹ್ನ 3 ಗಂಟೆಗೆ, 42 ಡಿಗ್ರಿಯಲ್ಲಿ, ಸಿರುಗುಪ್ಪ ಕಡೆ ಹೊರಟೆವು.

ಅವತ್ತು ಸಿಕ್ಕ ಅಂಕಿ 112. ಗೋಡೆ ಮೇಲಿನದು 142. ಈ 30 ಪಿಎಸ್ ಎಲ್ಲಿ ಹೋಯ್ತು ಅಂತ ಹುಡುಕುತ್ತಾ ಹೋದಾಗ ರೋಡ್ ಟ್ಯೂನಿಂಗ್‌ಗೂ ರೋಲಿಂಗ್ ರೋಡ್ ಟ್ಯೂನಿಂಗ್‌ಗೂ ಏನು ವ್ಯತ್ಯಾಸ ಅನ್ನೋದು ನನಗೆ ಅರ್ಥವಾಯ್ತು. ಅದನ್ನೇ ಇಲ್ಲಿ ಬರೀತಿದ್ದೀನಿ.

ಮೊದಲು ಲ್ಯಾಬಿಗೆ ಹೋಗೋಣ

ರೋಲಿಂಗ್ ರೋಡ್ ಅಂದರೆ ಏನೋ ಫಾರಿನ್ ಮಾಯೆ ಅಂದುಕೊಳ್ಳಬೇಡಿ. ನಮ್ಮ ಮೆಕ್ಯಾನಿಕಲ್ ಲ್ಯಾಬಿನಲ್ಲಿ ಡ್ರಮ್ಮಿಗೆ ಹಗ್ಗ ಸುತ್ತಿ, ಒಂದು ತುದಿಗೆ ತೂಕ, ಇನ್ನೊಂದು ತುದಿಗೆ ಸ್ಪ್ರಿಂಗ್ ಬ್ಯಾಲೆನ್ಸ್ ಕಟ್ಟಿರ್ತಾರಲ್ಲ, ಅದೇ ತತ್ವ. ತಿರುಗುವ ವಸ್ತುವನ್ನು ಹಿಡಿದು ನಿಲ್ಲಿಸೋಕೆ ಎಷ್ಟು ಬಲ ಬೇಕು, ಅದು ಎಷ್ಟು ವೇಗವಾಗಿ ತಿರುಗ್ತಿದೆ ಅನ್ನೋ ಎರಡು ಗೊತ್ತಾದರೆ ಪವರ್ ಗೊತ್ತಾಗುತ್ತದೆ. ಪ್ರೋನಿ 1821ರಲ್ಲಿ ಮರದ ಬ್ರೇಕ್ ಕಟ್ಟಿ ಇದನ್ನೇ ಮಾಡಿದ. 1877ರಲ್ಲಿ ವಿಲಿಯಂ ಫ್ರೌಡ್ ನೀರಿನ ಬ್ರೇಕ್ ಮಾಡಿದ. ಈಗ ಇಂಜಿನ್ ಬಿಚ್ಚದೆ, ಕಾರಿನ ಚಕ್ರಗಳನ್ನೇ ಉರುಳೆ ಮೇಲೆ ಕೂರಿಸಿ ಬೆಲ್ಟ್ ಬಿಗಿದು ಅಳೀತಾರೆ, ಅಷ್ಟೇ.

ಉರುಳೆಗಳಲ್ಲಿ ಎರಡು ಜಾತಿ. ಒಂದರಲ್ಲಿ ಭಾರವಾದ ಡ್ರಮ್ ಮಾತ್ರ ಇರುತ್ತದೆ. ಕಾರು ಅದನ್ನು ಎಷ್ಟು ಬೇಗ ತಿರುಗಿಸುತ್ತೆ ಅನ್ನೋದರಿಂದ ಲೆಕ್ಕ. ಇನ್ನೊಂದರಲ್ಲಿ ಎಡ್ಡಿ ಕರೆಂಟ್ ಬ್ರೇಕ್ ಸೇರಿರುತ್ತದೆ. ಟ್ಯೂನಿಂಗ್‌ಗೆ ಬೇಕಾದ್ದು ಈ ಎರಡನೆಯದು. ಯಾಕಂದರೆ ಆಪರೇಟರ್ "3000 ಆರ್‌ಪಿಎಂ ದಾಟಬೇಡ" ಅಂತ ಹೇಳಿದರೆ, ನೀವು ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಅದು 3000ದಲ್ಲೇ ಹಿಡಿದು ನಿಲ್ಲಿಸುತ್ತೆ.

ಇದು ಯಾಕೆ ಇಷ್ಟು ದೊಡ್ಡ ವಿಷಯ? ಇಸಿಯು ಒಳಗಿನ ಮ್ಯಾಪ್ ಅಂದರೆ ಒಂದು ಕೋಷ್ಟಕ. ಅಡ್ಡಕ್ಕೆ ಆರ್‌ಪಿಎಂ, ಉದ್ದಕ್ಕೆ ಲೋಡ್. ಪ್ರತಿ ಮನೆಯಲ್ಲೂ ಇಷ್ಟು ಪೆಟ್ರೋಲ್, ಇಷ್ಟು ಡಿಗ್ರಿ ಇಗ್ನಿಷನ್ ಅಂತ ಒಂದು ಅಂಕಿ. ಟ್ಯೂನರ್ ಒಂದೊಂದು ಮನೆಗೂ ಹೋಗಿ ಕೂತು, ಅಂಕಿ ಬದಲಿಸಿ, ಏನಾಗುತ್ತೆ ನೋಡಬೇಕು. ರಸ್ತೆ ಮೇಲೆ ಪೂರ್ತಿ ಥ್ರಾಟಲ್‌ನಲ್ಲಿ 3000 ಆರ್‌ಪಿಎಂ ಅನ್ನೋ ಮನೆಯಲ್ಲಿ ನೀವು ಅರ್ಧ ಸೆಕೆಂಡ್ ಇರ್ತೀರಿ, ಮುಗೀತು, ಮುಂದಿನ ಮನೆ ಬಂತು.

ಇಗ್ನಿಷನ್ ವಿಷಯದಲ್ಲಂತೂ ಈ ವ್ಯತ್ಯಾಸ ಇನ್ನೂ ಜಾಸ್ತಿ. ಒಂದು ಉದಾಹರಣೆ ತಗೊಳ್ಳಿ. ಅರ್ಧ ಲೋಡಿನಲ್ಲಿ ಟೈಮಿಂಗನ್ನು 20 ಡಿಗ್ರಿಯಿಂದ 24ಕ್ಕೆ ಮುಂದೆ ಮಾಡಿದರೆ ಟಾರ್ಕ್ ಏರುತ್ತದೆ. 26ಕ್ಕೆ ಮಾಡಿದರೆ ಒಂಚೂರು ಏರುತ್ತದೆ. 28ಕ್ಕೆ ಮಾಡಿದರೆ ಏರೋದೇ ಇಲ್ಲ. ಗೆರೆ ಚಪ್ಪಟೆಯಾಯ್ತು ಅಂದರೆ ಅಲ್ಲಿಗೆ ನಿಲ್ಲಿಸಬೇಕು. ಉರುಳೆ ಪಕ್ಕದ ಪರದೆಯಲ್ಲಿ ಇದು ಕಣ್ಣಿಗೆ ಕಾಣುತ್ತೆ. ರಸ್ತೆ ಮೇಲೆ 2 ನ್ಯೂಟನ್ ಮೀಟರ್ ವ್ಯತ್ಯಾಸ ಯಾರ ಬೆನ್ನಿಗೂ ಗೊತ್ತಾಗಲ್ಲ. ಹಾಗಾಗಿ ರೋಡ್ ಟ್ಯೂನರ್ ಏನು ಮಾಡ್ತಾನೆ? ನಾಕಿಂಗ್ ಬರೋವರೆಗೂ ಮುಂದೆ ತಳ್ಳಿ, ಆಮೇಲೆ ಎರಡು ಡಿಗ್ರಿ ಹಿಂದೆ ಎಳೀತಾನೆ. ಲಾಭವೇ ಇಲ್ಲದ ಜಾಗದಲ್ಲಿ ಇಂಜಿನ್ನನ್ನು ಅಂಚಿಗೆ ತಂದು ನಿಲ್ಲಿಸಿದ ಹಾಗಾಯ್ತು.

ಟರ್ಬೊ ಕಾರಿನಲ್ಲಿ ಪೂರ್ತಿ ಲೋಡಿಗೆ ಬಂದರೆ ಕಥೆ ಬೇರೆ. ಅಲ್ಲಿ ಟಾರ್ಕ್ ಗೆರೆ ಚಪ್ಪಟೆಯಾಗೋ ಮೊದಲೇ ನಾಕಿಂಗ್ ಬಂದುಬಿಡುತ್ತೆ. ಆದರೂ ಕೊನೆಯ ಎರಡು ಡಿಗ್ರಿಗೆ ಎಷ್ಟು ಸಿಕ್ತು ಅಂತ ಉರುಳೆ ಹೇಳುತ್ತದೆ. 3 ನ್ಯೂಟನ್ ಮೀಟರಿಗೋಸ್ಕರ ಪಿಸ್ಟನ್ ಪಣಕ್ಕಿಡಬೇಕಾ ಅಂತ ನೀವು ಯೋಚನೆ ಮಾಡಬಹುದು.

ರಸ್ತೆ ಮೇಲೆ ನಾವು ಮಾಡಿದ ಲೆಕ್ಕ

ರಸ್ತೆಯಲ್ಲಿ ಪವರ್ ಅಳೆಯೋದು ಪಿಯುಸಿ ಫಿಸಿಕ್ಸ್. ಕಾರು 1100 ಕೆಜಿ, ನಾವಿಬ್ಬರು ಮತ್ತು ಬ್ಯಾಗು 150, ಒಟ್ಟು 1250. ಚಕ್ರ, ಗೇರ್, ಫ್ಲೈವೀಲ್ ಕೂಡ ತಿರುಗಬೇಕಲ್ಲ, ಅದಕ್ಕೆ ಅಂದಾಜು 8 ಪರ್ಸೆಂಟ್ ಸೇರಿಸಿ 1350 ಅಂತ ಇಟ್ಟುಕೊಂಡೆವು. ಮೂರನೇ ಗೇರಿನಲ್ಲಿ 80ರಿಂದ 100 ಕಿ.ಮೀ. ವೇಗಕ್ಕೆ ಹೋಗೋಕೆ 2.57 ಸೆಕೆಂಡ್ ಹಿಡೀತು. ಅಂದರೆ ವೇಗೋತ್ಕರ್ಷ 2.16. ಗುಣಿಸಿದರೆ 2916 ನ್ಯೂಟನ್. ಗಂಟೆಗೆ 90 ಕಿ.ಮೀ. ಅಂದರೆ ಸೆಕೆಂಡಿಗೆ 25 ಮೀಟರ್. ಆ ವೇಗದಲ್ಲಿ ಗಾಳಿಯ ತಡೆ ಸುಮಾರು 225 ನ್ಯೂಟನ್, ಟೈರಿನ ಉರುಳು ತಡೆ 159. ಎಲ್ಲ ಕೂಡಿದರೆ 3300. ಇದನ್ನು 25ರಿಂದ ಗುಣಿಸಿದರೆ 82.5 ಕಿಲೋವ್ಯಾಟ್, ಅಂದರೆ 112 ಪಿಎಸ್.

ಲೆಕ್ಕ ಸರಿಯಾಗಿಯೇ ಇದೆ. ಆದರೆ ಎಷ್ಟು ನಂಬಬಹುದು? ರಸ್ತೆ ಬರೀ 1 ಪರ್ಸೆಂಟ್ ಏರಿದರೆ, ಅಂದರೆ 100 ಮೀಟರಿಗೆ 1 ಮೀಟರ್, ಕಾರನ್ನು ಹಿಂದಕ್ಕೆ ಎಳೆಯೋ ಬಲ 123 ನ್ಯೂಟನ್. ಅಲ್ಲಿಗೆ 4 ಪಿಎಸ್ ಹೋಯ್ತು. ತೆಕ್ಕಲಕೋಟೆ ಕಡೆ ಕಣ್ಣು ಹಾಯಿಸಿದರೆ ನೆಲ ತಟ್ಟೆಯ ಹಾಗೆ ಕಾಣುತ್ತೆ, ಆದರೆ ಊರೇ ಹೊಳೆ ಕಡೆಗೆ ಇಳಿಜಾರು. ಸಿರುಗುಪ್ಪ ತುಂಗಭದ್ರೆಯ ದಂಡೆ ತಾನೆ. 10 ಕಿ.ಮೀ. ಎದುರುಗಾಳಿ ಇದ್ದರೆ ಇನ್ನೊಂದು 2 ಪಿಎಸ್. ಸ್ಟಾಪ್‌ವಾಚ್ 0.1 ಸೆಕೆಂಡ್ ತಪ್ಪಿದರೆ 4 ಪಿಎಸ್. ದಪ್ಪಗಿರೋ ಗೆಳೆಯ ಹಿಂದಿನ ಸೀಟಿನಲ್ಲಿ ಕೂತಿದ್ದು ಲೆಕ್ಕಕ್ಕೆ ಬರದಿದ್ದರೆ 5 ಪಿಎಸ್. ಹೋಗುವಾಗ ಒಂದು ಸಲ, ಬರುವಾಗ ಅದೇ ಜಾಗದಲ್ಲಿ ಒಂದು ಸಲ ಓಡಿಸಿ ಸರಾಸರಿ ತೆಗೆದರೆ ಇಳಿಜಾರು, ಗಾಳಿ ಎರಡೂ ಬಹುಪಾಲು ವಜಾ ಆಗುತ್ತವೆ. ನಾವು ಮಾಡಿದ್ದು ಒಂದೇ ಸಲ. ಯಾಕೆ ಅಂತ ಮುಂದೆ ಹೇಳ್ತೀನಿ.

ಕುರುಗೋಡು ಕಡೆಯ ಒಳರಸ್ತೆಗಳಲ್ಲಿ ಇನ್ನೊಂದು ತೊಂದರೆ. ಅಲ್ಲೆಲ್ಲ ಎರೆ ನೆಲ. ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಬಿರಿಯುತ್ತೆ, ಮೇಲಿನ ಡಾಂಬರು ಅಲೆ ಅಲೆಯಾಗುತ್ತೆ. ಸಿವಿಲ್ ಬ್ರಾಂಚಿನವರು ಇದರ ಮೇಲೆ ಒಂದು ಇಡೀ ಸೆಮಿಸ್ಟರ್ ಓದ್ತಾರೆ. ಕಾರು ಕುಣಿದಾಗ ಚಕ್ರದ ವೇಗ ಏರಿಳಿಯುತ್ತೆ, ಕ್ರ್ಯಾಂಕಿನ ತಿರುಗುವಿಕೆಯಲ್ಲೂ ಅದು ಕಾಣುತ್ತೆ. ಎಷ್ಟೋ ಕಾರುಗಳ ಇಸಿಯು ರಸ್ತೆ ಕೆಟ್ಟಿದೆ ಅಂತ ತಿಳಿದ ತಕ್ಷಣ ಮಿಸ್‌ಫೈರ್ ಪತ್ತೆ ಮಾಡೋದನ್ನೇ ಸ್ವಲ್ಪ ಹೊತ್ತು ನಿಲ್ಲಿಸಿಬಿಡುತ್ತೆ. ಅಂಥ ಜಾಗದಲ್ಲಿ ತೆಗೆದ ಲಾಗ್ ನೋಡಿ ಮ್ಯಾಪ್ ಬದಲಿಸೋದು, ಓಡೋ ಬಸ್ಸಿನಲ್ಲಿ ಕೂತು ರಕ್ತದೊತ್ತಡ ನೋಡಿದ ಹಾಗೆ.

ಹಾಗಾದರೆ ಗೋಡೆ ಮೇಲಿನ 142?

ಹಾಸ್ಟೆಲ್‌ಗೆ ಬಂದು ಹಾಳೆಯನ್ನು ಹತ್ತಿರದಿಂದ ನೋಡಿದೆ. ಮೂಲೆಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಕರೆಕ್ಷನ್ ಫ್ಯಾಕ್ಟರ್ 1.13 ಅಂತ ಇತ್ತು. ಯಂತ್ರ ನಿಜವಾಗಿ ಅಳೆದಿದ್ದು 126. ಅದನ್ನು 1.13ರಿಂದ ಗುಣಿಸಿದ್ದರಿಂದ 142 ಆಗಿತ್ತು.

ಇದು ಮೋಸ ಅಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಅಲ್ಲಿ ಗಾಳಿಯ ಒತ್ತಡ ಕಡಿಮೆ. ಬೇರೆ ಬೇರೆ ಊರಿನ ಅಂಕಿಗಳನ್ನು ಹೋಲಿಸೋಕೆ ಅನುಕೂಲ ಆಗಲಿ ಅಂತ ಎಸ್‌ಎಇಯ ಜೆ1349 ಅನ್ನೋ ಸೂತ್ರ ಇದೆ. 25 ಡಿಗ್ರಿ, 990 ಮಿಲಿಬಾರ್ ಒಣ ಗಾಳಿ ಇದ್ದಿದ್ದರೆ ಎಷ್ಟು ಬರ್ತಿತ್ತು ಅಂತ ಅದು ಹೇಳುತ್ತೆ. ಟರ್ಬೊ ಇಲ್ಲದ ಇಂಜಿನ್ನಿಗೆ ಇದು ನ್ಯಾಯವಾಗಿಯೇ ಇದೆ. ಆದರೆ ಟರ್ಬೊ ಇಂಜಿನ್ ಮೇಲಿನ ಊರಲ್ಲಿ ತಾನೇ ಇನ್ನೂ ಜೋರಾಗಿ ತಿರುಗಿ, ಮ್ಯಾನಿಫೋಲ್ಡ್‌ನಲ್ಲಿ ಕೇಳಿದಷ್ಟು ಒತ್ತಡ ತುಂಬಿಕೊಳ್ಳುತ್ತೆ. ಕಳೆದುಕೊಳ್ಳದೇ ಇದ್ದದ್ದಕ್ಕೆ ಪರಿಹಾರ ಕೊಟ್ಟ ಹಾಗಾಗಿತ್ತು ಅಣ್ಣನ ಹಾಳೆ. ನೀವು ಡೈನೊ ಹಾಳೆ ನೋಡಿದಾಗ ದಪ್ಪ ಅಕ್ಷರ ಬಿಟ್ಟು ಮೊದಲು ಈ ಫ್ಯಾಕ್ಟರ್ ಹುಡುಕಿ.

ಅಲ್ಲಿಗೆ 16 ಪಿಎಸ್ ಸಿಕ್ತು. ಇನ್ನು 126ಕ್ಕೂ 112ಕ್ಕೂ ನಡುವಿನ 14.

ಇಲ್ಲಿ ನನಗೆ ಬಹಳ ಇಷ್ಟವಾದ ಲೆಕ್ಕ ಬರುತ್ತೆ. ಬಳ್ಳಾರಿ ಸುಮಾರು 480 ಮೀಟರ್ ಎತ್ತರದಲ್ಲಿದೆ, ಒತ್ತಡ ಸುಮಾರು 957 ಮಿಲಿಬಾರ್. ಬೆಂಗಳೂರಲ್ಲಿ 907. 42 ಡಿಗ್ರಿಯಲ್ಲಿ ನಮ್ಮೂರ ಗಾಳಿಯ ಸಾಂದ್ರತೆ ಲೆಕ್ಕ ಹಾಕಿ, 25 ಡಿಗ್ರಿಯಲ್ಲಿ ಬೆಂಗಳೂರಿನದ್ದೂ ಹಾಕಿ. ಎರಡೂ ಘನ ಮೀಟರಿಗೆ 1.06 ಕೆಜಿ! ನಮ್ಮ ಏಪ್ರಿಲ್ ಮಧ್ಯಾಹ್ನ, ಅವರ ತಂಪು ಬೆಳಗ್ಗೆ, ಗಾಳಿಯ ತೂಕ ಒಂದೇ. ಹಾಗಾದರೆ ಕಾರು ಒಂದೇ ಥರ ಓಡಬೇಕಿತ್ತಲ್ಲ ಅಂತ ನಾನು ಎರಡು ದಿನ ತಲೆ ಕೆಡಿಸಿಕೊಂಡೆ.

ತಪ್ಪು ಎಲ್ಲಿತ್ತು ಅಂದರೆ, ಇಂಜಿನ್ ಹೊರಗಿನ ಗಾಳಿ ಕುಡಿಯಲ್ಲ, ಟರ್ಬೊ ಒತ್ತಿ ಕೊಟ್ಟ ಗಾಳಿ ಕುಡಿಯುತ್ತೆ. ಮ್ಯಾನಿಫೋಲ್ಡ್ ಒತ್ತಡ 2 ಬಾರ್ ಅಂತ ಇಟ್ಟುಕೊಳ್ಳಿ, ಕಂಪ್ರೆಸರ್ ದಕ್ಷತೆ 70 ಪರ್ಸೆಂಟ್. 25 ಡಿಗ್ರಿಯಲ್ಲಿ ಒಳಗೆ ಹೋದ ಬೆಂಗಳೂರು ಗಾಳಿ ಟರ್ಬೊದಿಂದ ಹೊರಗೆ ಬರುವಾಗ ಸುಮಾರು 133 ಡಿಗ್ರಿ. 42ರಲ್ಲಿ ಹೋದ ಬಳ್ಳಾರಿ ಗಾಳಿ 147. ಆಮೇಲೆ ಇಂಟರ್‌ಕೂಲರ್. ಅದು ತಣ್ಣಗೆ ಮಾಡೋದೂ ಹೊರಗಿನ ಗಾಳಿಯಿಂದಲೇ ತಾನೆ, ನಮ್ಮಲ್ಲಿ ಅದೂ 42. ಇಂಟರ್‌ಕೂಲರ್ ಕೂಡ 70 ಪರ್ಸೆಂಟ್ ಕೆಲಸ ಮಾಡಿದರೆ ಇಂಜಿನ್ನಿಗೆ ಹೋಗೋ ಗಾಳಿ ಬೆಂಗಳೂರಲ್ಲಿ 57 ಡಿಗ್ರಿ, ನಮ್ಮಲ್ಲಿ 74. ಒತ್ತಡ ಒಂದೇ, ಬಿಸಿ ಜಾಸ್ತಿ, ಹಾಗಾಗಿ ಗಾಳಿ 5 ಪರ್ಸೆಂಟ್ ಕಡಿಮೆ. 126 ಅಲ್ಲಿಗೆ 120 ಆಯ್ತು.

ಉಳಿದದ್ದು ನಾಕಿಂಗ್. ಒಬಿಡಿ ಲಾಗ್ ತೆರೆದು ನೋಡಿದರೆ ಇಂಟೇಕ್ ತಾಪಮಾನ 71 ಡಿಗ್ರಿ, ಇಗ್ನಿಷನ್ ಟೈಮಿಂಗ್ ಮ್ಯಾಪಿನಲ್ಲಿ ಇದ್ದದ್ದಕ್ಕಿಂತ 6 ಡಿಗ್ರಿ ಹಿಂದೆ. ನಾಕ್ ಸೆನ್ಸರ್ ಸದ್ದು ಕೇಳಿ ಇಸಿಯು ತಾನಾಗೇ ಹಿಂದೆ ಸರಿದಿತ್ತು. ಅಣ್ಣ ಸೋಮಾರಿತನ ಅಂತ ಬೈಯುತ್ತಿದ್ದದ್ದು ಆ ಇಂಜಿನ್ ತನ್ನ ಪಿಸ್ಟನ್ ಉಳಿಸಿಕೊಳ್ಳೋಕೆ ಮಾಡ್ತಿದ್ದ ಕೆಲಸವನ್ನು.

"ಅಣ್ಣ, ಟ್ಯೂನ್ ಮಾಡಿಸುವಾಗ ಯಾವ ಪೆಟ್ರೋಲ್ ಇತ್ತು?" ಅಂತ ಕೇಳಿದೆ.

"95 ಆಕ್ಟೇನ್ ಹಾಕಿಸಿದ್ದೆ. ಯಾಕ?"

"ಈಗ?"

ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾದಾದ್ದು. ತಿಂಗಳ ಕೊನಿ ಅಲ್ಲೇನಪಾ" ಅಂದರು.

ಎಥನಾಲ್ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಇ20 ಪೆಟ್ರೋಲಿಗೆ ಬೇಕಾದ ಗಾಳಿ-ಇಂಧನ ಅನುಪಾತ ಸುಮಾರು 13.5, ನಾವು ಪುಸ್ತಕದಲ್ಲಿ ಓದಿದ 14.7 ಅಲ್ಲ. ಹಾಗಾಗಿ ಯಾರಾದರೂ ರಸ್ತೆ ಮೇಲೆ ಹಳೇ ಮೀಟರ್ ಇಟ್ಟುಕೊಂಡು "12.5ಕ್ಕೆ ಸೆಟ್ ಮಾಡಿದೀನಿ" ಅಂದರೆ ಲ್ಯಾಮ್ಡಾ ಎಷ್ಟು ಅಂತ ಕೇಳಿ.

ಆ ಮಧ್ಯಾಹ್ನ

ಒಂದೇ ಸಲ ಓಡಿಸಿದ್ದು ಯಾಕೆ ಅಂತ ಹೇಳ್ತೀನಿ ಅಂದಿದ್ದೆ. ಬೇಸಿಗೆ ಬೆಳೆಯ ಕೊಯ್ಲು ನಡೀತಿತ್ತು. ಸಿರುಗುಪ್ಪ ಕಡೆಯವರಿಗೆ ಹೇಳಬೇಕಾಗಿಲ್ಲ, ಆ ಹೊತ್ತಿಗೆ ಅರ್ಧ ರಸ್ತೆ ಕಣವಾಗಿರುತ್ತೆ. ಭತ್ತ ಹರವಿ, ಅಂಚಿಗೆ ಸಾಲಾಗಿ ಕಲ್ಲು ಇಟ್ಟಿರ್ತಾರೆ. ನನ್ನ ಕಣ್ಣು ಲ್ಯಾಪ್‌ಟಾಪ್ ಮೇಲಿತ್ತು. ಅಣ್ಣನ ಕಣ್ಣು ಸ್ಪೀಡೋಮೀಟರ್ ಮೇಲಿತ್ತು, ಯಾಕಂದರೆ "ನೂರು" ಅಂತ ಕೂಗೋದು ಅವರ ಕೆಲಸ. ಕೂಗಿ ತಲೆ ಎತ್ತಿದಾಗ ಮುಂದೆ ಕಲ್ಲಿನ ಸಾಲು, ಅದರ ಒಳಗೆ ಕಾಲಿನಿಂದ ಭತ್ತ ತಿರುವುತ್ತಿದ್ದ ಒಬ್ಬ ಅವ್ವ, ಎದುರಿಗೆ ಟ್ರ್ಯಾಕ್ಟರ್.

ಸೆಕೆಂಡಿಗೆ 28 ಮೀಟರ್. ಬ್ರೇಕ್ ಹಿಡಿಯೋ ಮೊದಲೇ ಒಂದು ಬಸ್ಸಿನ ಎರಡರಷ್ಟು ದೂರ ಹೋಗಿತ್ತು. ಎಡಗಡೆ ಚಕ್ರ ಭತ್ತದ ಮೇಲೆ ಹತ್ತಿ ಜಾರಿತು, ಎರಡು ಕಲ್ಲು ಹಾರಿದವು, ಕಾರು ಅಡ್ಡ ತಿರುಗಿ ನಿಂತಿತು. ಅವ್ವನಿಗೂ ನಮಗೂ ನಡುವೆ ನಾಲ್ಕು ಹೆಜ್ಜೆ. ಯಾರಿಗೂ ಏನೂ ಆಗಲಿಲ್ಲ. ಆಕೆ ಬೈಯಲೂ ಇಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಯಾಕಪಾ, ಮನ್ಯಾಗ ಹೇಳಿ ಬಂದೀರೇನು?" ಅಂದಳು. ಚೆಲ್ಲಿದ ಭತ್ತ ಬಳಿದು ಕೊಡೋಕೆ ನಮಗೆ ಅರ್ಧ ಗಂಟೆ ಹಿಡೀತು. ನನ್ನ ಕೈ ನಡುಗೋದು ನಿಂತಿರಲಿಲ್ಲ.

ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಅನುಮತಿ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ರೇಸ್ ಮಾಡೋದನ್ನಷ್ಟೇ ಅಲ್ಲ, ವೇಗದ ಪರೀಕ್ಷೆ ಮಾಡೋದನ್ನೂ ಅಪರಾಧ ಅನ್ನುತ್ತೆ. ನಾವು ಮಾಡಿದ್ದು ಅಕ್ಷರಶಃ ಅದೇ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 3 ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ನಾನು ಇವತ್ತಿಗೂ ಆ ಕೆಲಸಕ್ಕೆ ಹೋಗದೆ ಇರೋದು ಸೆಕ್ಷನ್ ನೆನಪಿಸಿಕೊಂಡಲ್ಲ.

ಹಾಗಾದರೆ ರಸ್ತೆ ಯಾಕೆ ಬೇಕು

ಇಷ್ಟೆಲ್ಲ ಹೇಳಿ ಉರುಳೆಯೇ ಶ್ರೇಷ್ಠ ಅಂದರೆ ಅದೂ ಅರ್ಧ ಸತ್ಯ. ಉರುಳೆ ಮೇಲೆ ಕಾರು ಓಡಲ್ಲ, ನಿಂತಿರುತ್ತೆ. ಮುಂದೆ ಎಷ್ಟು ದೊಡ್ಡ ಫ್ಯಾನ್ ಇಟ್ಟರೂ 90 ಕಿ.ಮೀ. ವೇಗದಲ್ಲಿ ಇಂಟರ್‌ಕೂಲರಿಗೆ ಬಡಿಯೋ ಗಾಳಿ ಅದಲ್ಲ. ಬೆಲ್ಟ್ ಬಿಗಿದಷ್ಟೂ ಟೈರ್ ಉರುಳೆಗೆ ಒತ್ತಿ ಒಂದಷ್ಟು ಪವರ್ ಅಲ್ಲೇ ಶಾಖವಾಗಿ ಹೋಗುತ್ತೆ. ಹಾಗಾಗಿ ಒಂದು ಯಂತ್ರದ ಅಂಕಿ ಇನ್ನೊಂದರ ಅಂಕಿಗೆ ಸರಿಹೊಂದಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ, ನಾವು ಕಾರನ್ನು ಪೂರ್ತಿ ಥ್ರಾಟಲ್‌ನಲ್ಲಿ ಓಡಿಸೋದು ದಿನಕ್ಕೆ ಎಷ್ಟು ಸೆಕೆಂಡ್? ಮಧ್ಯಾಹ್ನ 2 ಗಂಟೆಗೆ ರಾಯಲ್ ಸರ್ಕಲ್ ಸಿಗ್ನಲ್‌ನಲ್ಲಿ ಎಸಿ ಹಾಕಿಕೊಂಡು ನಿಂತು, ಹಸಿರು ಬಂದಾಗ ಕ್ಲಚ್ ಬಿಟ್ಟರೆ ಕಾರು ಎಗರುತ್ತಾ, ಮುಗ್ಗರಿಸುತ್ತಾ? ಬೆಳಗ್ಗೆ ಸೆಲ್ಫ್ ಒಂದೇ ಸಲಕ್ಕೆ ಹಿಡಿಯುತ್ತಾ? ಅರ್ಧ ಗಂಟೆ ಓಡಿಸಿ, ಹತ್ತು ನಿಮಿಷ ಚಹಾ ಕುಡಿದು ಬಂದು ಮತ್ತೆ ಸ್ಟಾರ್ಟ್ ಮಾಡಿದರೆ? ಆಕ್ಸಿಲರೇಟರ್ ಒಮ್ಮೆಲೇ ಒತ್ತಿದಾಗ ಒಂದು ಕ್ಷಣ ಪೆಟ್ರೋಲ್ ಹೆಚ್ಚು ಬೇಕು, ಅದು ಎಷ್ಟು? ಇವಕ್ಕೆಲ್ಲ ರಸ್ತೆಯೇ ಉತ್ತರ ಕೊಡಬೇಕು. ಇದ್ಯಾವುದಕ್ಕೂ 100 ಕಿ.ಮೀ. ವೇಗ ಬೇಕಾಗಿಲ್ಲ. ಒಬ್ಬ ಓಡಿಸಬೇಕು, ಲಾಗರ್ ತಾನೇ ಬರೆದುಕೊಳ್ಳಬೇಕು, ನಿಲ್ಲಿಸಿದ ಮೇಲೆ ನೋಡಬೇಕು.

ಅಣ್ಣ ಮೇ ತಿಂಗಳಲ್ಲಿ ಮತ್ತೆ ಬೆಂಗಳೂರಿಗೆ ಹೋದರು, ಈ ಸಲ ನಾನೂ ಜೊತೆಗಿದ್ದೆ. ಟ್ಯಾಂಕಿನಲ್ಲಿ ಬಳ್ಳಾರಿಯ ಬಂಕಿನ ಸಾದಾ ಪೆಟ್ರೋಲ್. ನಮ್ಮ ಲಾಗ್ ತೋರಿಸಿದಾಗ ಆಪರೇಟರ್ ಬೇಜಾರು ಮಾಡಿಕೊಳ್ಳಲಿಲ್ಲ, "ನಿಮ್ಮೂರ ಬಿಸಿಲನ್ನ ಇಲ್ಲೇ ಮಾಡೋಣ" ಅಂದರು. ಫ್ಯಾನ್ ಕಮ್ಮಿ ಮಾಡಿ, ಬಾನೆಟ್ ಮುಚ್ಚಿ, ನಡುವೆ ವಿಶ್ರಾಂತಿ ಕೊಡದೆ ಒಂದರ ಹಿಂದೆ ಒಂದು ಸಲ ಓಡಿಸಿದರು. ಇಂಟೇಕ್ 70 ಡಿಗ್ರಿ ಮುಟ್ಟಿತು. ನಾಕಿಂಗ್ ಎಲ್ಲಿ ಶುರುವಾಗುತ್ತೆ ಅಂತ ಪರದೆಯಲ್ಲಿ ಕಂಡಿತು. ಇಂಟೇಕ್ 50 ದಾಟಿದರೆ ಬೂಸ್ಟ್ ಮೆಲ್ಲಗೆ ಇಳಿಯೋ ಹಾಗೆ, ಟೈಮಿಂಗ್ ಮೊದಲೇ ಹಿಂದೆ ಬರೋ ಹಾಗೆ ಕೋಷ್ಟಕ ಬದಲಿಸಿದರು. ತಂಪಾಗಿದ್ದಾಗ 122, ಬಿಸಿಯಾಗಿದ್ದಾಗ 114. ಎರಡೂ ಗುಣಿಸದ ಅಂಕಿ.

ವಾಪಸ್ ಬಂದ ಮೇಲೆ ಒಂದು ವಾರ ಅಣ್ಣ ದಿನವೂ ಓಡಿಸುವ ದಾರಿಯಲ್ಲೇ ಲಾಗ್ ತೆಗೆದೆವು. ಕುರುಗೋಡಿಗೆ ದೊಡ್ಡಬಸವೇಶ್ವರನ ದರ್ಶನಕ್ಕೆ ಹೋಗಿದ್ದೂ ಅದರಲ್ಲಿ ಸೇರಿದೆ. ನಾಕಿಂಗ್‌ನಿಂದ ಟೈಮಿಂಗ್ 1 ಡಿಗ್ರಿಗಿಂತ ಹೆಚ್ಚು ಹಿಂದೆ ಸರಿದದ್ದು ಒಂದು ಸಲವೂ ಕಾಣಲಿಲ್ಲ. ಒಂದನೇ ಗೇರಿನಲ್ಲಿ ಸಣ್ಣ ಜರ್ಕ್ ಇತ್ತು, ಅದನ್ನು ಇಮೇಲ್‌ನಲ್ಲಿ ಬಂದ ಇನ್ನೊಂದು ಫೈಲ್ ಸರಿಮಾಡಿತು.

ಅಣ್ಣ ಈಗ ಪಾಸಾಗಿ ಹೋಗಿದ್ದಾರೆ. 142ರ ಹಾಳೆಯನ್ನು ಕಿತ್ತುಕೊಂಡು ಹೋದರು, ಹೊಸದನ್ನು ನನಗೆ ಬಿಟ್ಟುಹೋದರು. ಅದರ ಮೇಲೆ ಪೆನ್ನಿನಲ್ಲಿ ಬರೆದಿದೆ: 114, ಇಂಟೇಕ್ 70, ಸಾದಾ ಪೆಟ್ರೋಲ್, ಫ್ಯಾಕ್ಟರ್ 1.00.